ಸುಮಂಗಲಾಳಿಗೆಂದು ತಂದ ಕಾರ್ಡು

ನಾನೊಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು ಪರದೆಯ ಮೇಲೆ ಚಿತ್ರ ಮೂಡಿಸುವುದು ನನ್ನ ಕೆಲಸ. ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ. ಮೈಗೆ ತಾಮ್ರದ ಕೊಳವೆ ಹೊಂದಿಸಿ, ಎದೆಗೆ ಎರಡು ಫ್ಯಾನು ಕಟ್ಟಿ, ಒಮ್ಮೆ ಓಡಿಸಿ ನೋಡಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ಮತ್ತೆ ಬೆಳಕು ಕಂಡದ್ದು ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯಲ್ಲಿ.

ಆ ಮನೆಯ ಸುಮಂಗಲಾ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದವಳು. ಮೊದಲ ಸಲ ತನ್ನದೇ ಒಂದು ಸಾಕ್ಷ್ಯಚಿತ್ರಕ್ಕೆ ಕೈಹಾಕಿದ್ದಳು. ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ಗಂಗವ್ವನ ಚಿತ್ರ ಅದು. ಶೂಟಿಂಗ್ ಮುಗಿದು ಎಡಿಟಿಂಗ್ ಬಾಕಿಯಿತ್ತು. ಅವಳಿಗೆ ಕೈ ಕೂತಿದ್ದ ಸಾಫ್ಟ್‌ವೇರ್ ಮ್ಯಾಕ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಗೆಳತಿಯೊಬ್ಬಳು ತನ್ನ ಹಳೆ ಮ್ಯಾಕ್ ಬಳಸಲು ಕರೆದಿದ್ದಳು. ವಿಮಾ ಕಚೇರಿಯಲ್ಲಿದ್ದ ಗಂಡ ಪ್ರಭುಲಿಂಗ ಒಪ್ಪಲಿಲ್ಲ.

"ಮಂದಿ ಮಷೀನು ಯಾಕ? ಬಿಡಿ ಸಾಮಾನು ತಂದು ನಾನ ಕಟ್ಟತೀನಿ. ಸಾದಾ ಕಂಪ್ಯೂಟರಿನ್ಯಾಗ ಮ್ಯಾಕ್‌ನ ಸಿಸ್ಟಮ್ ಕುಂದ್ರಸೋದು. ಹ್ಯಾಕಿಂಟಾಶ್ ಅಂತಾರ ಇದಕ್ಕ."

"ಎಷ್ಟು ದಿನ ಬೇಕಾಗತೈತ್ರಿ?"

"ಹೆಚ್ಚಂದ್ರ ಒಂದು ವಾರ."

ನನ್ನನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಸ್ಲಾಟಿನಲ್ಲಿ ಕೂರಿಸಿದ. ಫ್ಯಾನು ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮ್ಯಾಕ್ ನನ್ನ ಗುರುತು ಹಿಡಿಯಲಿಲ್ಲ. ನನ್ನ ಮಾತನ್ನು ಅದಕ್ಕೆ ತಿಳಿಯುವಂತೆ ಹೇಳಲು ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕಿತ್ತು, ಅದು ಜಪ್ಪಯ್ಯ ಎಂದರೂ ಕೂರುತ್ತಿರಲಿಲ್ಲ. ಪ್ರಭುಲಿಂಗ ಆಫೀಸಿನಿಂದ ಬಂದವನೇ ಬೂಟು ಬಿಚ್ಚುವ ಮೊದಲೇ ನನ್ನೆದುರು ಕೂರುತ್ತಿದ್ದ. ಮೊಬೈಲಿನಲ್ಲಿ ಎಲ್ಲಿಯವರೋ ಬರೆದ ಸಲಹೆ ಓದುವುದು, ಒಂದು ಸಾಲು ತಿದ್ದುವುದು, ಮತ್ತೆ ಆನ್ ಮಾಡುವುದು. ವಾರ ಹೋಗಿ ತಿಂಗಳುಗಳಾದವು.

ನಡುನಡುವೆ ಗಂಗವ್ವನ ಫೋನು ಬರುತ್ತಿತ್ತು. ಅವಳ ಕಣ್ಣಿನ ನರ ಸೊರಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. "ಕಣ್ಣು ಕಾಣೂದ್ರಾಗ ತೋರಸ ಯವ್ವಾ," ಎನ್ನುತ್ತಿದ್ದಳು.

ಕೊನೆಗೊಂದು ಭಾನುವಾರ ಪರದೆ ಬೆಳಗಿತು. ಪ್ರಭುಲಿಂಗ ಕುಣಿದಾಡಿಬಿಟ್ಟ. ಸುಮಂಗಲಾ ಕುರ್ಚಿ ಎಳೆದುಕೊಂಡು ಕೂತಳು. ಗಂಗವ್ವನ ಬೆರಳುಗಳು, ಕೆಂಪು ತುಂಡಿನ ಪಕ್ಕ ಹಸಿರು ತುಂಡು, ಅಂಗಳದ ಬಿಸಿಲು, ಎಲ್ಲವೂ ನನ್ನ ಮೂಲಕ ಹರಿದವು. ನಾನು ಸುಖ ಕಂಡದ್ದು ಆ ದಿನಗಳಲ್ಲಿ ಮಾತ್ರ.

ಆದರೆ ಅವಳು ಎದ್ದರೆ ಸಾಕು, ಅವನು ಬಂದು ಕೂರುತ್ತಿದ್ದ. ಇನ್ನೂ ವೇಗ ಬರುತ್ತದೆಂದು ಏನಾದರೂ ತಿದ್ದುತ್ತಿದ್ದ.

"ಇದನ್ನ ಮುಟ್ಟಬ್ಯಾಡ್ರಿ. ಅರ್ಧಕ್ಕಿಂತ ಜಾಸ್ತಿ ಆಗೇತಿ. ಮುಗಿಯೂತನಕ ಹಂಗ ಇರಲಿ," ಎಂದಳು ಸುಮಂಗಲಾ.

ಅವನು ಹೂಂ ಎಂದ. ಅವಳು ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಮ್ಯಾಕ್‌ನ ಹೊಸ ಆವೃತ್ತಿಗೆ ಅಪ್‌ಡೇಟ್ ಒತ್ತಿದ. ಅದರಲ್ಲಿ ನನ್ನಂಥವರಿಗೆ ಡ್ರೈವರೇ ಇರಲಿಲ್ಲ. ಪರದೆ ಕಪ್ಪಾಯಿತು. ಬೆವರುತ್ತ ಹಳೆ ಆವೃತ್ತಿ ಮತ್ತೆ ಹಾಕಲು ಹೊರಟವನು ಇಡೀ ಡಿಸ್ಕನ್ನು ಅಳಿಸಿದ. ಸುಮಂಗಲಾ ಬಾಗಿಲಿಗೆ ಬರುವ ಹೊತ್ತಿಗೆ ನಾನು ಮತ್ತೆ ಬೆಳಗುತ್ತಿದ್ದೆ.

"ಕೈ ಕೊಟ್ಟಿತ್ತು ನೋಡು, ಮತ್ತ ಸರಿ ಮಾಡ್ದೆ! ಕಾರ್ಡ್ ಬಂತು!"

"ನನ್ನ ಎಡಿಟಿಂಗು?"

ಅವನು ಪರದೆ ನೋಡಿದ. "ಶೂಟಿಂಗ್ ಎಲ್ಲಾ ಆ ಬ್ಯಾರೆ ಡಿಸ್ಕಿನ್ಯಾಗ ಐತಲ್ಲ... ಮತ್ತ ಮಾಡಬೌದು."

ಕೈಚೀಲ ಇನ್ನೂ ಅವಳ ಕೈಯಲ್ಲೇ ಇತ್ತು. "ಯಾರ ಸಲುವಾಗಿ ಕಟ್ಟಿದ್ರಿ ಇದನ್ನ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, ಶೂಟಿಂಗ್ ಇದ್ದ ಡಿಸ್ಕನ್ನು ಎತ್ತಿಕೊಂಡು ಗೆಳತಿಯ ಮನೆಗೆ ಹೋದಳು.

ಚಿತ್ರವನ್ನು ಅಲ್ಲೇ ಮೊದಲಿನಿಂದ ಮಾಡಿ ಮುಗಿಸಿದಳು. ಗಂಗವ್ವನ ಊರಲ್ಲಿ ತೋರಿಸಿ ಮನೆಗೆ ಬಂದ ಸಂಜೆ ಅವನೆದುರು ನಿಂತು ಹೇಳಿದಳು: "ಗಂಗವ್ವ ಪರದೆ ಕಡೆ ಮಾರಿ ಮಾಡಿ ಕುಂತಿದ್ಲು. ಈಗ ಏನ್ ತೋರಸಾಕತ್ತಾರ ಅಂತ ನನ್ನ ಕೇಳತಿದ್ಲು."

ಅವನ ಕೈ ಮೌಸಿನ ಮೇಲೆ ಹಾಗೇ ಇತ್ತು. ಅವಳು ಮತ್ತೆಂದೂ ನನ್ನೆದುರು ಕೂರಲಿಲ್ಲ. ಸರಿಪಡಿಸಲು ಏನೂ ಉಳಿಯದ ಮೇಲೆ ಅವನಿಗೂ ನಾನು ಬೇಸರವಾದೆ.

ನನ್ನನ್ನು ಗೇಮಿಂಗ್ ಪಾರ್ಲರ್ ಒಂದಕ್ಕೆ ಮಾರಿದ. ವರ್ಷಗಟ್ಟಲೆ ಅಲ್ಲಿ ಗುಂಡು, ಹೊಗೆ, ಹೆಣ ತೋರಿಸಿದೆ. ಹೊಸ ಆಟಗಳಿಗೆ ಸಾಲದಾದಾಗ ಈ ರಿಪೇರಿ ಅಂಗಡಿಯ ರಟ್ಟಿನ ಡಬ್ಬಕ್ಕೆ ಬಿದ್ದೆ.

ಮೊನ್ನೆ ಗಿರಾಕಿಯೊಬ್ಬ ನನ್ನನ್ನೆತ್ತಿ ಧೂಳು ಊದಿದ. "ಇದು ಕೆಟ್ಟೈತೇನ್ರಿ?"

"ಏನೂ ಕೆಟ್ಟಿಲ್ಲರಿ," ಎಂದ ಅಂಗಡಿಯವನು. "ಈಗ ಯಾವುದಕ್ಕೂ ಬರಂಗಿಲ್ಲ, ಅಷ್ಟ."

ಗಿರಾಕಿ ನನ್ನನ್ನು ಡಬ್ಬಕ್ಕೆ ಹಾಕಿ ಹೋದ. ಕೆಟ್ಟಿದ್ದರೆ ಹೀಗೆ ಬಿದ್ದಿರಲು ಒಂದು ನೆಪವಾದರೂ ಇರುತ್ತಿತ್ತು.