ಮೇಸ್ತ್ರಿ ಕೂತುಬಿಟ್ಟ

ನಾನು ಬ್ಯಾಗ್ ಹೊಲಿಯುವವಳು. ಶಾಲೆಯದ್ದು, ಪ್ರಯಾಣದ್ದು, ಆಫೀಸಿನದ್ದು, ಯಾವುದಾದರೂ ಸರಿ, ನಾನು ಹಾಕಿದ ಪಟ್ಟಿ ಕಿತ್ತುಬಂದ ಚೀಲ ಈ ಬೀದಿಯಲ್ಲಿ ಒಂದೂ ಇಲ್ಲ. ಅಂಥವಳಿಗೆ ಒಂದು ನಾಯಿಗೆ ಪಟ್ಟಿ ಹಾಕಿ ನಡೆಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ನನ್ನ ಜಂಬ ಇಳಿಸಿದವನು ಮೇಸ್ತ್ರಿ.

ಮೇಸ್ತ್ರಿ ನಮ್ಮ ಅಣ್ಣನ ಮರದ ಡಿಪೋದ ನಾಯಿ. ಮರಿಯಾಗಿದ್ದಾಗಿನಿಂದ ಗೇಟಿನ ಕಂಬಕ್ಕೆ ಕಟ್ಟಿಸಿಕೊಂಡೇ ಬೆಳೆದವನು. ಡಿಪೋವನ್ನು ಬೇರೆ ಕಡೆಗೆ ಸಾಗಿಸುವಾಗ ಅಣ್ಣ, "ಸ್ವಲ್ಪ ದಿನ ಇಟ್ಕೊಂಡಿರೇ" ಎಂದು ಕೆಲಸದವರ ಕೈಯಲ್ಲಿ ಹೊರಿಸಿ ತಂದು ನಮ್ಮ ಮನೆಯೊಳಗೆ ಇಳಿಸಿಹೋದ. ಅವನು ಮೆಟ್ಟಿಲಿಳಿಯುವ ಮುಂಚೆಯೇ ನಾನು ಸರಪಳಿ ಬಿಚ್ಚಿ ಅಟ್ಟಕ್ಕೆ ಎಸೆದೆ. ನಾಯಿ ಒಂದೊಂದೇ ಕೋಣೆಗೆ ಹೋಗಿ ಮೂಲೆಮೂಲೆ ನೋಡಿತು, ಮಂಚದ ಕೆಳಗೆ ಇಣುಕಿತು, ನನ್ನ ಹೊಲಿಗೆ ಮಿಷನ್ ಮೂಸಿ ನಿಟ್ಟುಸಿರು ಬಿಟ್ಟಿತು. ಕೆಲಸ ಸರಿಯಿಲ್ಲ ಅನ್ನೋ ಮುಖ ನೋಡಮ್ಮ ಎಂದು ಮಗಳು ನಕ್ಕಳು. ಮೇಸ್ತ್ರಿ ಎಂದು ಹೆಸರಿಟ್ಟವಳೂ ಅವಳೇ. ಸಂಜೆಯಾಗುವಷ್ಟರಲ್ಲಿ ಅವನು ನನ್ನ ಕಾಲಿನ ಮೇಲೆ ಗಲ್ಲ ಊರಿ ಮಲಗಿದ್ದ. ಆಮೇಲೆ ಅವನನ್ನು ವಾಪಸು ಕೊಡುವ ಮಾತೇ ನನ್ನ ತಲೆಯಲ್ಲಿರಲಿಲ್ಲ.

ತಕರಾರು ಬಂದದ್ದು ಬಿಲ್ಡಿಂಗಿನ ಸೆಕ್ರೆಟರಿಯಿಂದ.

"ನೋಡಿಮ್ಮ, ನಾಯಿ ಸಾಕ್ಬೇಡಿ ಅನ್ನಲ್ಲ. ಮೆಟ್ಟಿಲ ಮೇಲೆ ಹೀಗೆ ಬಿಚ್ಚಿ ಬಿಡೋ ಹಾಗಿಲ್ಲ ಅಷ್ಟೇ. ಭಾನುವಾರದೊಳಗೆ ಪಟ್ಟಿ ಹಾಕಿ ನಡೆಸೋದು ಕಲಿಸಿ. ಆಗಲ್ಲ ಅಂದ್ರೆ ಬೇರೆ ಕಡೆ ಕಳಿಸಿಬಿಡಿ."

ಈ ಸುದ್ದಿ ಅಣ್ಣನ ಕಿವಿಗೆ ಬೀಳಲು ಎಷ್ಟು ಹೊತ್ತು. ತಕ್ಷಣ ಫೋನ್ ಮಾಡಿದ. "ಒಳ್ಳೇದೇ ಆಯ್ತು. ಹೊಸ ಡಿಪೋ ಗೇಟಿಗೆ ನಾಯಿ ಬೇಕಿತ್ತು. ಭಾನುವಾರ ವ್ಯಾನ್ ತರ್ತೀನಿ. ಅದು ಕಟ್ಟಿ ಹಾಕೋ ನಾಯಿ ಕಣೇ, ನಡೆಸೋ ನಾಯಿ ಅಲ್ಲ."

"ಅದು ನಡೆದ್ರೆ?"

"ನಡೆದ್ರೆ ನೀನೇ ಇಟ್ಕೋ" ಎಂದು ನಕ್ಕ.

ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಯಾರು ಎಲ್ಲಿರಬೇಕೆಂದು ತೀರ್ಮಾನಿಸುವುದು ಚಿಕ್ಕಂದಿನಿಂದ ಅವನದೇ ಕೆಲಸ. ನಾನು ಅಂಗಡಿ ಇಡುತ್ತೇನೆಂದಾಗಲೂ, "ಮನೇಲಿ ಕೂತು ಹೊಲಿ, ಸಾಕು" ಎಂದಿದ್ದ. ಇಟ್ಟು ತೋರಿಸಿದೆ. ಇದನ್ನೂ ತೋರಿಸುತ್ತೇನೆ ಎಂದುಕೊಂಡು ಮಿಷನ್ನಿಗೆ ದಾರ ಪೋಣಿಸಿದೆ.

ಮೊದಲನೆಯದು ಗಟ್ಟಿ ನೈಲಾನ್ ಪಟ್ಟಿ, ತುದಿಗೆ ಚೀಲಗಳಿಗೆ ಹಾಕುವ ಉಕ್ಕಿನ ಕೊಕ್ಕೆ. ಅದನ್ನು ಮೇಸ್ತ್ರಿಯ ಕೊರಳಪಟ್ಟಿಗೆ ಸಿಕ್ಕಿಸಿದೆ. ಮೇಸ್ತ್ರಿ ಕೂತ. ಮುದ್ದು ಮಾಡಿದೆ, ಗದರಿಸಿದೆ, ಮೆಲ್ಲಗೆ ಎಳೆದೆ. ಮಲಗಿಬಿಟ್ಟ. ಅಂಚು ಚುಚ್ಚುತ್ತಿರಬೇಕೆಂದು ಮೆತ್ತನೆಯ ಹತ್ತಿಯದು ಹೊಲಿದೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಕೊರಳಿಗೆ ಬಿಗಿಯಾಗುತ್ತಿದೆಯೇನೋ ಎಂದು ಎದೆಗೆ ಹಾಕುವಂಥದ್ದು ಮಾಡಿ ಒಳಗೆ ಸ್ಪಾಂಜ್ ಇಟ್ಟೆ. ಬಿಸ್ಕತ್ತು ತೋರಿಸಿದರೆ ಕತ್ತು ಚಾಚುವಷ್ಟು ಚಾಚಿ ತಿಂದ, ಹಿಂಗಾಲು ಮಾತ್ರ ಎತ್ತಲಿಲ್ಲ. ಗಿರಾಕಿಗಳ ಕೆಲಸವೆಲ್ಲ ಮೂಲೆಗೆ ಬಿತ್ತು. ಮಗಳಂತೂ, "ಅಮ್ಮ, ಇನ್ನೊಂದು ಜಿಪ್ ಹಾಕಿಬಿಡು, ಅವನನ್ನೇ ಹೆಗಲಿಗೆ ನೇತಾಕ್ಕೊಂಡು ಹೋಗ್ಬಹುದು" ಎಂದಳು. ನನಗೆ ನಗು ಬರಲಿಲ್ಲ.

ಶನಿವಾರ ಬೆಳಿಗ್ಗೆ ಸೋತ ಮುಖ ಹಾಕಿಕೊಂಡು ಯಾರದೋ ಶಾಲೆಯ ಚೀಲ ಮುಗಿಸುತ್ತಿದ್ದೆ. ಮಗಳು ಅಡುಗೆಮನೆಯಲ್ಲಿ ಮೇಸ್ತ್ರಿಯ ತಟ್ಟೆ ಇಟ್ಟಳು. ಅವನು ಬಾಲ ಆಡಿಸುತ್ತ ಅತ್ತ ಹೊರಟ. ಅದೇ ಹೊತ್ತಿಗೆ ನಾನು ಚೀಲದ ಪಟ್ಟಿಯ ಕೊಕ್ಕೆಯನ್ನು ಅದರ ಉಕ್ಕಿನ ಬಳೆಗೆ ಸಿಕ್ಕಿಸಿದೆ. ಟಕ್ ಎಂದಿತು. ಮೇಸ್ತ್ರಿ ನಡುದಾರಿಯಲ್ಲೇ ಕೂತುಬಿಟ್ಟ.

ಅವನ ಕೊರಳಪಟ್ಟಿಗೆ ನಾನು ಏನನ್ನೂ ಸಿಕ್ಕಿಸಿರಲಿಲ್ಲ. ತಟ್ಟೆ ಕಣ್ಣೆದುರೇ ಇತ್ತು. ಬಾಯಲ್ಲಿ ನೀರು ಸುರಿಯುತ್ತಿತ್ತು. ಆದರೂ ಬಾಲ ಮಡಚಿಕೊಂಡು, ಗೋಡೆ ನೋಡಿಕೊಂಡು ಕೂತಿದ್ದ.

ನನಗೆ ಆಗ ಅರ್ಥವಾಯಿತು. ಡಿಪೋದಲ್ಲಿ ಸರಪಳಿಯ ಕೊಕ್ಕೆ ಕೊರಳಿಗೆ ಬಿದ್ದು ಟಕ್ ಎಂದರೆ ಅವತ್ತಿನ ಓಡಾಟ ಮುಗಿಯಿತು, ಯಾರಾದರೂ ಬಂದು ಬಿಚ್ಚುವವರೆಗೆ ಇಲ್ಲೇ ಕೂರಬೇಕು ಎಂದರ್ಥ. ಇಷ್ಟು ದಿನ ಅವನು ಹಟ ಮಾಡಿರಲೇ ಇಲ್ಲ, ಹೇಳಿದ ಮಾತು ಕೇಳಿದ್ದ. ನಾನೋ, ಪಟ್ಟಿಯ ಮೇಲೆ ಪಟ್ಟಿ ಹೊಲಿದು ಪ್ರತಿಯೊಂದಕ್ಕೂ ಅದೇ ಕೊಕ್ಕೆ ಹಾಕಿದ್ದೆ. ಕೊಕ್ಕೆಯಿಲ್ಲದ ಪಟ್ಟಿ ನಮ್ಮ ಕಸುಬಿನಲ್ಲಿ ಅರೆಬರೆ ಕೆಲಸ. ಅದನ್ನು ತೆಗೆಯಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವನ ತಲೆ ಹಿಡಿದುಕೊಂಡು ಅತ್ತುಬಿಟ್ಟೆ. ಅಣ್ಣನ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಕತ್ತರಿ ತೆಗೆದುಕೊಂಡು ಹತ್ತಿಯ ಪಟ್ಟಿಯಿಂದ ಕೊಕ್ಕೆ ಕತ್ತರಿಸಿ ಬಿಸಾಕಿದೆ. ಅದನ್ನು ಕೊರಳಪಟ್ಟಿಗೆ ಬರಿಯ ಗಂಟು ಹಾಕಿ ಕಟ್ಟಿದೆ. ಮೇಸ್ತ್ರಿ ಟಕ್ ಎನ್ನುವುದನ್ನೇ ಕಾಯುತ್ತಿದ್ದವನು, ಅದು ಬರದೇ ಇದ್ದಾಗ ಗಂಟನ್ನು ಮೂಸಿದ, ನನ್ನನ್ನು ನೋಡಿದ, ಎದ್ದು ತಟ್ಟೆಯ ಹತ್ತಿರ ಹೋದ. ಪಟ್ಟಿಯ ಇನ್ನೊಂದು ತುದಿ ಹಿಡಿದ ನಾನೂ ಹೋದೆ. ಉಂಡಾದ ಮೇಲೆ ಬಾಗಿಲು ತೆರೆದೆ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಿಳಿದೆವು, ಸಂಜೆಗೆ ಬೀದಿಯ ಕೊನೆ ಮುಟ್ಟಿ ಬಂದೆವು.

ಭಾನುವಾರ ಅಣ್ಣ ಹೊಸ ಸರಪಳಿ ಹಿಡಿದೇ ವ್ಯಾನಿನಿಂದ ಇಳಿದ. ಸೆಕ್ರೆಟರಿ ಪೇಪರ್ ಮಡಚಿ ಗೇಟಿನ ಬಳಿ ನಿಂತರು. ಮೇಸ್ತ್ರಿ ನನ್ನ ಪಕ್ಕದಲ್ಲಿ ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನವರೆಗೆ ಗತ್ತಿನಿಂದ ನಡೆದು ಬಂದ.

"ನಡೀತಲ್ಲ. ನಮ್ಮ ಕಡೆಯಿಂದ ತಕರಾರಿಲ್ಲ" ಎಂದರು ಸೆಕ್ರೆಟರಿ.

ಅಣ್ಣನ ಮುಖ ಸಣ್ಣಗಾಯಿತು. "ಏನೋ ಒಂದು ದಿನ ನಡೆದಿದೆ. ನಾಯಿ ನಂದು" ಎನ್ನುತ್ತ ಬಗ್ಗಿ ಸರಪಳಿ ಸಿಕ್ಕಿಸಿಯೇಬಿಟ್ಟ. ಟಕ್.

ಮೇಸ್ತ್ರಿ ಕೂತ.

"ಏಳೋ" ಎಂದು ಅಣ್ಣ ಎಳೆದ. ಮೇಸ್ತ್ರಿ ಮಲಗಿದ. ಡ್ರೈವರ್ ಕೂಡ ಕೈ ಹಾಕಿದ. ಇಬ್ಬರೂ ಬೆವರಿದರು. ವ್ಯಾನಿನ ಬಾಗಿಲು ತೆರೆದೇ ಇತ್ತು, ನಾಯಿ ನೆಲ ಬಿಡಲಿಲ್ಲ. ನೋಡುತ್ತ ನೋಡುತ್ತ ನನಗೆ ಧೈರ್ಯ ಬಂತು.

"ಎಳೀಬೇಡ ಅಣ್ಣ. ಸರಪಳಿ ಹಾಕಿದ್ರೆ ಇದ್ದಲ್ಲೇ ಕೂರ್ಬೇಕು ಅಂತ ಕಲಿಸಿದ್ದು ನೀನೇ. ಈಗ ಅವನು ಇರೋದು ನಮ್ಮನೆ ಗೇಟಲ್ಲಿ."

"ಎತ್ತಿ ಹಾಕ್ಕೊಂಡು ಹೋಗ್ತೀನಿ."

"ಹಾಗಾದ್ರೆ ನನ್ನನ್ನೂ ಎತ್ತು" ಎಂದು ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡು ಮೇಸ್ತ್ರಿಯ ಪಕ್ಕ ನೆಲದ ಮೇಲೆ ಕೂತೆ. "ನಡೆದ್ರೆ ಇಟ್ಕೋ ಅಂದೋನು ನೀನು. ನಾನು ಇಲ್ಲಿಂದ ಏಳಲ್ಲ."

ಗೇಟಿಗೆ ಅಡ್ಡ ಕೂರಬೇಡಿಮ್ಮ ಎಂದು ಸೆಕ್ರೆಟರಿ ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣ ನನ್ನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದ. "ಎರಡೂ ಒಂದೇ ಜಾತಿ" ಎಂದು ಸರಪಳಿಯ ತುದಿಯನ್ನು ಕೆಳಗೆ ಬಿಟ್ಟ.

ನಾನು ಎದ್ದು ಕೊಕ್ಕೆ ಬಿಚ್ಚಿ ಸರಪಳಿಯನ್ನು ಅವನ ಕೈಗೆ ಕೊಟ್ಟೆ. ಕೊಡುವಾಗ ಕೊಕ್ಕೆ ತಾನಾಗಿ ಮುಚ್ಚಿಕೊಂಡು ಟಕ್ ಎಂದಿತು. ಏಳುತ್ತಿದ್ದ ಮೇಸ್ತ್ರಿ ಅರ್ಧದಲ್ಲೇ ನಿಂತ. ನಾನು ಪಟ್ಟಿ ಎಳೆಯಲಿಲ್ಲ, ಬಾ ಎಂದೂ ಕರೆಯಲಿಲ್ಲ. ಅವನು ಅಣ್ಣನ ಕೈಯಲ್ಲಿದ್ದ ಸರಪಳಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೈ ಕೊಡವಿ, ಬೀದಿಯ ಕಡೆ ಹೆಜ್ಜೆ ಹಾಕಿದ. ನಾನು ಅವನ ಹಿಂದೆ ಹೋದೆ.