ಶಿವಬಸಮ್ಮನಿಗೆ ಕೊಟ್ಟ ಹುಗ್ಗಿ

ಮೈದುನ ತೀರಿಕೊಂಡ ಮೇಲೆ ನನ್ನ ವಾರಗಿತ್ತಿ ಶಿವಬಸಮ್ಮ ಅನ್ನ ಮುಟ್ಟಲಿಲ್ಲ. ಇಪ್ಪತ್ತು ದಿನ ಹೊತ್ತಿಗೆ ಅರ್ಧ ಲೋಟ ಚಹಾದಲ್ಲೇ ಕಳೆದಳು. ಕೊನೆಗೆ ನಾನೇ ಅವಳನ್ನು ಉಚ್ಚಂಗಿದುರ್ಗದಿಂದ ಹರಪನಹಳ್ಳಿಯ ಆಸ್ಪತ್ರೆಗೆ ಕರೆತಂದೆ. ಆಟೋದಲ್ಲಿ ಕೂರಿಸುವಾಗ ಅವಳ ಮೈಯಲ್ಲಿ ತೂಕವೇ ಇರಲಿಲ್ಲ.

ನರ್ಸ್ ಅರ್ಚನಾ ಎರಡು ತಾಸಿಗೊಮ್ಮೆ ಸಣ್ಣ ಬಟ್ಟಲಿನಲ್ಲಿ ಗಂಜಿ ತರುತ್ತಿದ್ದಳು. ಊದಿ ಆರಿಸಿ, ಬಾಯಿ ಒರೆಸಿ ಕುಡಿಸುತ್ತಿದ್ದಳು.

"ಅಕ್ಕಾ, ಈ ಹುಡುಗಿ ಬಂಗಾರ ತೂಗಿದಂಗ ಗಂಜಿ ತೂಗ್ತಾಳ," ಎಂದು ಶಿವಬಸಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು.

"ಬಾಳ ದಿನ ಉಪವಾಸ ಇದ್ದ ಮೈರಿ ಅಜ್ಜಿ," ಎಂದಳು ಅರ್ಚನಾ ನನಗೆ. "ಒಮ್ಮೆಲೇ ಹೊಟ್ಟಿ ತುಂಬಿಸಿದ್ರ ರಕ್ತದಾಗಿನ ಲವಣ ಇಳಿದುಬಿಡ್ತಾವ. ಎದಿ ಬಡಿತ ತಪ್ಪತೈತಿ. ದಿನಾ ರಕ್ತ ನೋಡಿ ಸ್ವಲ್ಪ ಸ್ವಲ್ಪ ಏರಿಸ್ತೀವಿ. ಹೊರಗಿಂದು ಏನೂ ಕೊಡಬ್ಯಾಡ್ರಿ."

ನನಗೆ ಅರ್ಥವಾಗಿತ್ತು. ಆದರೂ ಶಿವಬಸಮ್ಮ "ಹಸಿವಾಗ್ತೈತಿ" ಎಂದಾಗ ತಡೆಯಲಾಗಲಿಲ್ಲ. ಎರಡು ದಿನ ಕ್ಯಾರಿಯರ್‌ನ ತಳದ ಡಬ್ಬಿಯಲ್ಲಿ ತುಪ್ಪ ಹಾಕಿದ ಗೋಧಿ ಹುಗ್ಗಿ ಮುಚ್ಚಿಟ್ಟು ತಂದೆ. ಅವಳು ಬೆರಳು ನೆಕ್ಕಿ ತಿಂದಳು.

ಮೂರನೆಯ ದಿನ ಮಧ್ಯಾಹ್ನ ಅವಳ ಪಾದ ಬಾತವು. ಕೈ ನಡುಗಿ ಉಸಿರು ಸಿಕ್ಕಿಕೊಂಡಿತು. ಡಾಕ್ಟರ್ ಹಾಲಸ್ವಾಮಿ ಓಡಿಬಂದು, "ಹೊರಗಿಂದು ಏನರ ತಿಂದೀಯೇನವ್ವಾ?" ಎಂದರು.

ಶಿವಬಸಮ್ಮ ನನ್ನ ಕಡೆ ನೋಡಿದಳು. "ಇಲ್ರಿ," ಎಂದಳು.

ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು. ನಾನು ಬಾಯಿ ಬಿಡಲಿಲ್ಲ.

ಡಾಕ್ಟರು ಅರ್ಚನಾಳನ್ನು ಬಾಗಿಲ ಹೊರಗೆ ಕರೆದು, "ಗಂಜಿ ಹೆಚ್ಚಿಗೆ ಕೊಟ್ಟೀಯೇನು?" ಎಂದು ಗದರಿದರು. ಅವಳು ತಾನು ಬರೆದಿಟ್ಟ ಹಾಳೆ ತೋರಿಸಿ ತಲೆ ತಗ್ಗಿಸಿ ನಿಂತಳು. ಹೋಗಿ ಡಾಕ್ಟರಿಗೆ ನಿಜ ಹೇಳಲು ನನಗೆ ಒಂದು ತಾಸು ಬೇಕಾಯಿತು. ಆಮೇಲೆ ಲವಣದ ಡ್ರಿಪ್ ಹಾಕಿ, ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಅಲ್ಲಿ ಅವಳ ಹೃದಯ ನಿಂತಿತು.

ಕಾಗದಪತ್ರಕ್ಕೆಂದು ಮತ್ತೆ ಹರಪನಹಳ್ಳಿಗೆ ಹೋದಾಗ ಅರ್ಚನಾ ನನ್ನನ್ನು ಕೂರಿಸಿ ಚಹಾ ತರಿಸಿದಳು.

"ಮೊದಲೇ ಹೇಳಿದ್ರ ಉಳೀತಿದ್ಲೇನವ್ವಾ?" ಎಂದು ಕೇಳಿದೆ.

ಅವಳು ಚಹಾದ ಲೋಟ ನನ್ನ ಕಡೆ ಸರಿಸಿದಳು. "ನೀವು ಪ್ರೀತಿಲೆ ಕೊಟ್ರಿ ಅಜ್ಜಿ."

ಹುಗ್ಗಿಯ ಮಟ್ಟಿಗೆ ಅದು ನಿಜ. ಆ ಒಂದು ತಾಸು ನಾನು ಸುಮ್ಮನಿದ್ದದ್ದು ಬೈಸಿಕೊಳ್ಳುವ ಅಂಜಿಕೆಗೆ. ನನ್ನ ಬದಲು ಬೈಸಿಕೊಂಡ ಹುಡುಗಿಗೆ ಅದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು, ಆದರೆ ಅದು ತಪ್ಪಲ್ಲ ಎನ್ನಲಿಲ್ಲ.