ಅಂತೇಳು

"ನೀವ ಅಲ್ರೀ ಅಜ್ಜಾರ, ಗೋಣ ಹಾಕಿದ್ದು?"

ಎದುರಿಗೆ ಬಂದು ನಿಂತು ಕೈ ಚಾಚಿದ ಹುಡುಗಿಯನ್ನು ಕಂಡು ಲಕ್ಷ್ಮಯ್ಯನಿಗೆ ಕುರ್ಚಿ ಸಮೇತ ಗೋಡೆಯೊಳಗೆ ಹೊಕ್ಕುಬಿಡೋಣ ಅನ್ನಿಸಿತು. ಗೋಣು ಹಾಕಿದ್ದೇನೋ ನಿಜ. ಸ್ಪೀಕರಿನಿಂದ ಬರುತ್ತಿದ್ದ ಹಾಡಿನಲ್ಲಿ ಹಾರ್ಮೋನಿಯಂ ತರಹದ್ದೊಂದು ವಾದ್ಯ ಉಸಿರೆಳೆದು ಬಿಡುತ್ತಿತ್ತು. ವಯಸ್ಸಿನಲ್ಲಿ ಊರ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದ ಮನುಷ್ಯ. ಹಾರ್ಮೋನಿಯಂ ಕಿವಿಗೆ ಬಿದ್ದರೆ ತಲೆ ತಾನಾಗಿ ಆಡುತ್ತದೆ. ಆಡುವಾಗ ಕಣ್ಣು ಯಾರ ಮೇಲಿತ್ತೋ ಅವನಿಗೇನು ಗೊತ್ತು?

"ನಾನು ಪದಕ್ಕೆ ತಲೆ ಆಡ್ಸಿದ್ದು ಕಣವ್ವ, ನಿಂಗಲ್ಲ."

"ನನ್ನ ಕಣ್ಣಾಗ ಕಣ್ಣಿಟ್ಟು ಹಾಕಿದ್ರಲ್ರೀ! ಇಲ್ಲಿ ಬಾಯಿಬಿಟ್ಟು ಯಾರೂ ಕರಿಯಂಗಿಲ್ಲ. ದೂರದಿಂದ ನೋಡೂದು. ಒಪ್ಪಿಗಿ ಇತ್ತಂದ್ರ ಗೋಣ ಹಾಕೂದು, ಇಲ್ಲಂದ್ರ ಮತ್ತೆಲ್ಲೆರ ನೋಡೂದು. ನೀವು ಹಾಕಿದ್ರಿ, ನಾ ಎದ್ದು ಬಂದೆ. ಈಗ ಒಬ್ಬಾಕಿನ ವಾಪಸ್ ಹೋದ್ರ ನನ್ನ ಮರ್ಯಾದಿ ಏನಾಗಬೇಕು?"

ಈ ಹುಡುಗಿ ಶೈಲಶ್ರೀ, ಗದಗದ ಕಡೆಯವಳು, ವೈಟ್‌ಫೀಲ್ಡಿನ ಯಾವುದೋ ಕಂಪನಿಯಲ್ಲಿ ಕೆಲಸ. ಕುಂದಲಹಳ್ಳಿಯಲ್ಲಿ ಲಕ್ಷ್ಮಯ್ಯನ ಮನೆಯ ಹಿಂದಿರುವ ಹಾಲ್ ಅನ್ನು ತಿಂಗಳಿಗೊಂದು ಭಾನುವಾರದ ಸಂಜೆಗೆ ಕೇಳಿಕೊಂಡು ಬಂದವಳು. "ಟ್ಯಾಂಗೊ ಮಾಡ್ತೀವ್ರೀ" ಎಂದು ಅವಳು ಹೇಳಿದಾಗ, "ಟಾಂಗಾನಾ? ಕುದ್ರೆ ಎಲ್ಲಿ ಕಟ್ತೀಯವ್ವ? ಇಲ್ಲಿ ಕಾರ್ ನಿಲ್ಸಕ್ಕೇ ಜಾಗ ಇಲ್ಲ" ಎಂದು ಲಕ್ಷ್ಮಯ್ಯ ನಿಜವಾಗಿಯೂ ಚಿಂತೆಗೆ ಬಿದ್ದಿದ್ದ. ಆಮೇಲೆ ಅದು ಗಂಡು ಹೆಣ್ಣು ಅಪ್ಪಿಕೊಂಡು ನಡೆಯುವ ಕುಣಿತವೆಂದು ಗೊತ್ತಾಗಿ ಬೀದಿಯವರೆಲ್ಲ ಮೂಗು ಮುರಿದರು. ಕಾವಲಿಗೆ ಇರಲಿ ಎಂದು ಲಕ್ಷ್ಮಯ್ಯ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಕಾವಲಿಗೆ ಕೂತವನಿಗೆ ಬರಬರುತ್ತಾ ಭಾನುವಾರ ಯಾವಾಗ ಬರುತ್ತದೆ ಅನ್ನುವಂತಾಯಿತು. ಕಾಯುವಂಥದ್ದು ಅಲ್ಲೇನೂ ಇರಲಿಲ್ಲ. ಕಂಪನಿಗಳಲ್ಲಿ ವಾರವೆಲ್ಲ ದುಡಿದು ಹೈರಾಣಾದ ಮಕ್ಕಳು, ಬೀದಿಯ ಚಪ್ಪಲಿ ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು, ಬಟ್ಟೆಯ ಚೀಲದಿಂದ ಬೇರೆ ಜೋಡು ತೆಗೆದು ಹಾಕಿಕೊಂಡು, ಒಬ್ಬರನ್ನೊಬ್ಬರು ಹಿಡಿದು ಮೆಲ್ಲಗೆ ಸುತ್ತು ಬರುತ್ತಿದ್ದರು. ಅಷ್ಟೆ. ಬೀದಿ ಚಪ್ಪಲಿಯಲ್ಲೇ ಒಳಗೆ ಓಡಾಡುತ್ತಿದ್ದವನು ಲಕ್ಷ್ಮಯ್ಯ ಒಬ್ಬನೇ. ತನ್ನ ಹಾಲ್, ತನ್ನ ಚಪ್ಪಲಿ, ಕೇಳುವವರು ಯಾರು?

ಈಗ ಅದೇ ಚಪ್ಪಲಿಯಲ್ಲಿ ಎದ್ದು ನಿಂತ. ಶೈಲಶ್ರೀ ಮೊಮ್ಮಗಳು ಅಜ್ಜನನ್ನು ಹಿಡಿಯುವಂತೆ ಅವನ ಎರಡೂ ಮೊಣಕೈ ಹಿಡಿದಳು.

"ಏನ್ ಮಾಡ್ಬೇಕವ್ವ ಈಗ?"

"ನಡೀರಿ. ನೀವು ಮುಂದಕ್ಕ, ನಾ ಹಿಂದಕ್ಕ." ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ ಮುಚ್ಕಂಡು ಇಂದಕ್ಕೆ ನಡೀತೀಯಲ್ಲ, ಬಿದ್ರೆ?"

"ಕರ್ಕೊಂಡು ಹೋಗಾವ್ರು ಕೇಳಿ ಕೇಳಿ ಹೆಜ್ಜಿ ಇಟ್ರ ಬೀಳಂಗಿಲ್ರೀ."

ಮುಂದಿನ ಜೋಡಿಯ ಹಿಂದೆ ಲಕ್ಷ್ಮಯ್ಯನ ಚಪ್ಪಲಿ ಟಪಟಪ ಸದ್ದು ಮಾಡುತ್ತಾ, ನಡುವೆ ಒಮ್ಮೆ ಅವಳ ಕಾಲನ್ನೂ ತುಳಿದು ಹೊರಟಿತು. ಎಲ್ಲರೂ ಒಂದೇ ದಿಕ್ಕಿಗೆ, ಹಾಲಿನ ಅಂಚು ಹಿಡಿದು, ನಡುವೆ ಯಾರೂ ಹಾಯದೆ ಸುತ್ತುತ್ತಿದ್ದರು. ಕಿಟಕಿಯ ಮೂಲೆ ಬಳಸುವಾಗ ಲಕ್ಷ್ಮಯ್ಯನ ಕಾಲು ತಾನಾಗಿಯೇ ನಿಧಾನವಾಯಿತು. ಎತ್ತುಗಳನ್ನು ತಿರುಗಿಸುತ್ತಿದ್ದದ್ದು ಇಲ್ಲೇ. ಕಾಲಿಗೆ ನೆನಪಿತ್ತು, ತಲೆಗೆ ಮರೆತುಹೋಗಿತ್ತು.

ಈ ಹಾಲ್ ಇರುವ ಜಾಗ ಮೊದಲು ಅವರ ಕಣವಾಗಿತ್ತು. ನಡುವೆ ಮೇಟಿಕಂಬ, ಸುತ್ತ ಸಗಣಿ ಸಾರಿಸಿದ ನೆಲ, ಅದರ ಮೇಲೆ ಹರಡಿದ ರಾಗಿ ತೆನೆ. ಎತ್ತುಗಳು ತೆನೆ ಒಕ್ಕುವ ರೋಣಗಲ್ಲು ಎಳೆಯುತ್ತಾ ಸುತ್ತು ಬರುತ್ತಿದ್ದವು, ಹಿಂದೆ ಹರೆಯದ ಲಕ್ಷ್ಮಯ್ಯ ಬರಿಗಾಲಲ್ಲಿ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋದರೆ ಅವನ ಅವ್ವ ಸೌದೆ ಹಿಡಿದು ಬರುತ್ತಿದ್ದಳು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಸೊಸೆ ಆಶಾರಾಣಿ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ಮಾವ ಕುಣಿದದ್ದನ್ನು ಕಿಟಕಿಯಿಂದ ಮೊಬೈಲಿನಲ್ಲಿ ಹಿಡಿದಿದ್ದಳು. ಅತ್ತೆಗೆ ತೋರಿಸಿಯೂ ಆಗಿತ್ತು. ಅತ್ತೆ "ಇನ್ನೊಂದ್ ಸಲ ಆಕು" ಎಂದು ಮತ್ತೆ ಮತ್ತೆ ನೋಡಿದ್ದಳಂತೆ.

ಭಾಗ್ಯಮ್ಮ ಗಂಡನ ತಟ್ಟೆಗೆ ಮುದ್ದೆ ಇಟ್ಟು, ಗೋಡೆಯ ಕಡೆ ತಿರುಗಿ ಸೊಸೆಗೆ ಹೇಳಿದಳು:

"ಕಣದ ಮ್ಯಾಲೆ ಚಪ್ಪಲಿ ಆಕ್ಕಂಡು ಕುಣಿಯೋದು ನಮ್ ಮನೇಲಿ ಪದ್ಧತಿ ಇಲ್ಲ ಅಂತೇಳು."

"ಮಾವ, ಅತ್ತೆ ಹೇಳ್ತಾರೆ—"

"ಕೇಳಿಸ್ತು ಬಿಡವ್ವ" ಎಂದ ಲಕ್ಷ್ಮಯ್ಯ.

ಹೊಸಬರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆ ಮನೆಯಲ್ಲಿ ಭಾಗ್ಯಮ್ಮನ ಪ್ರತಿ ಮಾತಿಗೂ ಒಂದು ಬಾಲವಿತ್ತು. "ನೀರು ಕಾದದೆ ಅಂತೇಳು." "ಮಾತ್ರೆ ನುಂಗ್ಲಿ ಅಂತೇಳು." ಸೊಸೆ ಬರುವ ಮುಂಚೆ ಮಗ ಲೋಕೇಶನಿಗೆ ಹೇಳುತ್ತಿದ್ದಳು, ಮಗ ಮನೆಯಲ್ಲಿಲ್ಲದಾಗ ಹಸುವಿಗೆ ಹೇಳುತ್ತಿದ್ದಳು, ಹಸು ಮಾರಿದ ಮೇಲೆ ಬೆಕ್ಕಿಗೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಂಡು ಮಲಗಿ ಎದ್ದು, ಹಾಲಿನ ಗೋಡೆಗೆ ಎರಡು ಸಲ ಬಣ್ಣ ಬಳಿದು, ರಸ್ತೆಯಲ್ಲಿ ಮೆಟ್ರೋ ಓಡತೊಡಗಿದರೂ ಮುಗಿದಿರಲಿಲ್ಲ.

ಶುರುವಾದದ್ದು ಹೀಗೆ. ಭಾಗ್ಯಮ್ಮ ಮಗಳ ಬಾಣಂತನಕ್ಕೆಂದು ಹೊಸಕೋಟೆಗೆ ಹೋಗಿದ್ದಾಗ ಲಕ್ಷ್ಮಯ್ಯ ಕಣ ಅಗೆಸಿ ಪಾಯ ಹಾಕಿಸಿಬಿಟ್ಟ. ಆಗ ಎಲ್ಲರೂ ಕಟ್ಟುತ್ತಿದ್ದರು. ರಾಗಿ ಬೆಳೆಯುವ ಹೊಲವೇ ಇಲ್ಲದ ಮೇಲೆ ಕಣ ಯಾಕೆ? ತಿರುಗಿ ಬಂದವಳು ಬ್ಯಾಗನ್ನೂ ಇಳಿಸದೆ ಗುಂಡಿಯ ಮುಂದೆ ನಿಂತು, "ನನ್ನೊಂದ್ ಮಾತು ಕೇಳ್ಬಾರ್ದಾಗಿತ್ತಾ?" ಎಂದಳು. ಮೇಸ್ತ್ರಿ, ಗಾರೆಯವರು ಎಲ್ಲ ನೋಡುತ್ತಿದ್ದರು. ಗಂಡಸುತನ ನೆತ್ತಿಗೇರಿ ಲಕ್ಷ್ಮಯ್ಯ, "ನಿನ್ನ ಮಾತು ಯಾವನಿಗೆ ಬೇಕು?" ಎಂದುಬಿಟ್ಟ.

ಬೇಡವೆಂದವನಿಗೆ ಅವಳು ಕೊಡಲಿಲ್ಲ. ಊಟ ಕೊಟ್ಟಳು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದಳು. ಮಾತು ಕೊಡಲಿಲ್ಲ. ಆ ಹಾಲಿನೊಳಗೆ ಕಾಲೂ ಇಡಲಿಲ್ಲ.

ಆದರೆ ಇವತ್ತು "ಕಣ" ಎಂದಳು. ಇಷ್ಟು ವರ್ಷ ಎಲ್ಲರ ಬಾಯಲ್ಲೂ ಹಾಲ್ ಆದದ್ದು ಅವಳ ಬಾಯಲ್ಲಿ ಇನ್ನೂ ಕಣವಾಗಿಯೇ ಇತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಲಕ್ಷ್ಮಯ್ಯ ಅದನ್ನೇ ಯೋಚಿಸಿದ. ಮದುವೆಯಾದ ಹೊಸದರಲ್ಲಿ ಮನೆತುಂಬ ಜನ, ದೊಡ್ಡವರ ಮುಂದೆ ಗಂಡ ಹೆಂಡತಿ ಮುಖ ಕೊಟ್ಟು ಮಾತಾಡುವ ಹಾಗಿರಲಿಲ್ಲ. ಸುಗ್ಗಿ ಬಂದರೆ ರಾಶಿ ಕಾಯಲು ಲಕ್ಷ್ಮಯ್ಯ ಕಣದಲ್ಲಿರುತ್ತಿದ್ದ. ಊಟ ತಂದ ಭಾಗ್ಯ, ಪಾತ್ರೆ ತಗೊಂಡು ಹೋಗುವ ನೆಪದಲ್ಲಿ ರಾಶಿಗೆ ಒರಗಿ ಕೂರುತ್ತಿದ್ದಳು. ಆಮೇಲೆ ಮಾತೋ ಮಾತು. ತೌರಿನ ಬಾವಿ, ಗೆಳತಿಯ ಮದುವೆ, ತುಂಬಿದ ಕೆರೆಯಲ್ಲಿ ಕೊಚ್ಚಿಹೋದ ಲಂಗ. ಎಲ್ಲಿ ನಿಲ್ಲಿಸುತ್ತಾಳೋ ಎಂಬ ಭಯದಲ್ಲಿ ಅವನು ನಡುನಡುವೆ "ಆಮ್ಯಾಕೆ?" ಅನ್ನುತ್ತಿದ್ದ. ಅವನ ಪಾಲಿನ ಮಾತು ಅದೊಂದೇ. ಮನೆಯಿಂದ ಅತ್ತೆ ಕೂಗುವ ತನಕ ಅವಳು ಹೇಳುತ್ತಿದ್ದಳು.

ಅವಳು ಮಾತಾಡಲು ಇದ್ದದ್ದೇ ಆ ಒಂದು ಜಾಗ. ಅದನ್ನೇ ತಾನು ಅಗೆಸಿದ್ದು. ಲಕ್ಷ್ಮಯ್ಯನಿಗೆ ಅಳು ಬಂದಹಾಗಾಯಿತು. ಇದು ಇಷ್ಟು ತಡವಾಗಿ ಹೊಳೆಯಬೇಕೆ, ಅದೂ ಗದಗದ ಹುಡುಗಿಯ ಕಾಲು ತುಳಿದ ಮೇಲೆ!

ಬಾಯಿಬಿಟ್ಟು ಕೇಳುವುದು ಅವನಿಂದಾಗದ ಕೆಲಸ. ಆದರೆ ಹುಡುಗಿ ಹೇಳಿದ ದಾರಿಯೊಂದಿತ್ತಲ್ಲ: ನೋಡುವುದು, ಕಾಯುವುದು. ಮಾರನೆಯ ದಿನದಿಂದ ಲಕ್ಷ್ಮಯ್ಯ ಹೆಂಡತಿಯನ್ನು ನೋಡತೊಡಗಿದ. ಸೊಪ್ಪು ಬಿಡಿಸುವಾಗ ನೋಡಿದ, ಬಟ್ಟೆ ಒಣಗಹಾಕುವಾಗ ನೋಡಿದ. ಭಾಗ್ಯಮ್ಮ ಪ್ರತಿಸಲವೂ ಬೇರೆಲ್ಲೋ ನೋಡಿದಳು. ಕೊನೆಗೊಂದು ದಿನ ಸೊಸೆಯನ್ನು ಕರೆದಳು.

"ನಿಮ್ ಮಾವಂಗೆ ಕಣ್ಣಾಗೆ ಪೊರೆ ಬಂದೈತೇನೋ, ಒಂದೇ ಕಡೆ ದಿಟ್ಟಿ ನೆಟ್ಕಂಡು ಕೂತಿರ್ತಾರೆ. ಲೋಕೇಶನ್ ಜೊತೆ ಓಗಿ ಡಾಕ್ಟ್ರಿಗೆ ತೋರ್ಸ್ಲಿ ಅಂತೇಳು."

ಆಶಾರಾಣಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೋಡಿದಳು.

ಇದರ ನಡುವೆ ಲೋಕೇಶ್ ಒಂದು ಸುದ್ದಿ ತಂದ. ಜಿಮ್ ನಡೆಸುವವರು ಹಾಲ್ ಕೇಳುತ್ತಿದ್ದಾರೆ, ಪೂರ್ತಿ ಅವರಿಗೇ ಬೇಕು. ಕಬ್ಬಿಣದ ಯಂತ್ರಗಳನ್ನು ನೆಲಕ್ಕೆ ಬೋಲ್ಟು ಹೊಡೆದು ಕೂರಿಸುತ್ತಾರೆ. "ಭಾನ್ವಾರ ಸಾಯಂಕಾಲ ಆದ್ಮೇಲೆ ಹೂ ಅಂದ್ಬಿಡ್ತೀನಿ ಕಣಪ್ಪ. ಡ್ಯಾನ್ಸ್‌ನೋರ್ಗೆ ಹೇಳಿದೀನಿ, ಇದೇ ಲಾಸ್ಟು ಅಂತ" ಎಂದ. ಬಚ್ಚಲ ಬಾಗಿಲ ಹತ್ತಿರ ಭಾಗ್ಯಮ್ಮನ ಬಳೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಆ ಭಾನುವಾರ ಬಂದವರು ಯಾವತ್ತಿಗಿಂತ ಹೆಚ್ಚು. ಯಾರೋ ಕೇಕು ತಂದಿದ್ದರು, ಯಾರೋ ಮಲ್ಲಿಗೆ ಹೂ. ಶೈಲಶ್ರೀ ನೇರ ಅಡುಗೆಮನೆಗೇ ಹೋಗಿ, "ಅಮ್ಮಾರ, ಇದ ಕಡೀದ್ರಿ. ಇವತ್ತರ ಬರ್ರಿ" ಎಂದು ಭಾಗ್ಯಮ್ಮನ ಕೈ ಹಿಡಿದು ಕರೆದಿದ್ದಳು.

ಹಾಡು ನಡೆಯುತ್ತಿದ್ದಾಗ ಲಕ್ಷ್ಮಯ್ಯ ತನ್ನ ಕುರ್ಚಿಯನ್ನು ಆಚೆಗೋಡೆಯ ಬಳಿಗೆ ಎಳೆದುಕೊಂಡು ಕೂತಿದ್ದ. ಬಾಗಿಲು ಕಾಯುವ ಮನಸ್ಸಿರಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಆಶಾರಾಣಿ ನಿಂತಿದ್ದಳು, ಕೈಯಲ್ಲಿ ಲೋಟಗಳ ತಟ್ಟೆ. ಅವಳ ಹಿಂದೆ, ಕಾಫಿಯ ದೊಡ್ಡ ಫ್ಲಾಸ್ಕ್ ಹಿಡಿದು, ಭಾಗ್ಯಮ್ಮ.

"ಕಣಕ್ಕೆ ಬಂದೋರ್ನ ಬರಿಗೈಲಿ ಕಳಿಸ್ಬಾರ್ದು" ಎಂದು ಸೊಸೆಗೆ ಹೇಳಿದ್ದು ಅವನಿಗೂ ಕೇಳಿಸಿತು. ಹೊರಗೆ ಸಾಲಾಗಿ ಬಿಟ್ಟ ಬೂಟು ಚಪ್ಪಲಿಗಳನ್ನು ಭಾಗ್ಯಮ್ಮ ಬಗ್ಗಿ ನೋಡಿದಳು. ತನ್ನ ಹವಾಯಿ ಚಪ್ಪಲಿಯನ್ನೂ ಆ ಸಾಲಿನ ಕೊನೆಗೆ ಬಿಟ್ಟಳು. ಬಲಗಾಲು ಒಳಗಿಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕುರ್ಚಿಗಳನ್ನು ಬಿಟ್ಟು, ರಾಶಿಗೆ ಒರಗುತ್ತಿದ್ದ ಹಾಗೆಯೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಲಕ್ಷ್ಮಯ್ಯ ನೋಡಿದ. ನಡುವೆ ಜೋಡಿಗಳು ಹಾಯುತ್ತಿದ್ದವು. ಅವಳ ಮುಖ ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಪ್ರತಿಸಲ ಕಂಡಾಗಲೂ ಅವಳು ಬೇರೆಲ್ಲೋ ನೋಡುತ್ತಿರಬಹುದು ಎಂದೇ ಅವನು ಹೆದರಿದ. ಹಾಡು ಮುಗಿದು ಜೋಡಿಗಳು ಸರಿದಾಗ ನೆಲ ಬರಿದಾಯಿತು. ಭಾಗ್ಯಮ್ಮ ಅವನನ್ನೇ ನೋಡುತ್ತಿದ್ದಳು.

ಗೋಣು ಹಾಕಲಿಲ್ಲ. ಕಣ್ಣನ್ನೂ ಕೀಳಲಿಲ್ಲ.

ಲಕ್ಷ್ಮಯ್ಯ ಎದ್ದ. ಕಣದ ನಡುವೆ ಹಾಯಬಾರದು. ಅಂಚು ಹಿಡಿದು ಸುತ್ತಿಕೊಂಡು ಬಂದ. ಅವಳ ಮುಂದೆ ನಿಂತ. ರಾಜನ ಪಾರ್ಟಿನಲ್ಲಿ ಅಷ್ಟು ಜನರ ಮುಂದೆ ಗುಡುಗಿದವನಿಗೆ ಈಗ ಸ್ವರ ಹೊರಡಲಿಲ್ಲ. ಆಶಾರಾಣಿ ಅತ್ತೆಯ ಪಕ್ಕದಲ್ಲೇ, ಸುದ್ದಿ ದಾಟಿಸುವ ಕೆಲಸಕ್ಕೆ ಸಿದ್ಧಳಾಗಿ ನಿಂತಿದ್ದಳು.

"ಲೋಕೇಶ ಜಿಮ್ಮಿನೋರ್ಗೆ ಕೊಡಾನ ಅಂತಾವ್ನೆ" ಎಂದ ಲಕ್ಷ್ಮಯ್ಯ. ತಡೆದ. ಆಮೇಲೆ, ಹೆಂಡತಿಯ ಮುಖ ನೋಡಿಯೇ ಕೇಳಿದ: "ನೀನೇನಂತೀಯ?"

ಭಾಗ್ಯಮ್ಮನ ತುಟಿ ಅಲುಗಿತು. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಮತ್ತೆ ಬಿಗಿ ಮಾಡಿದಳು. ಬಾಗಿಲಾಚೆಯ ಚಪ್ಪಲಿ ಸಾಲಿನ ಕಡೆಗೊಮ್ಮೆ ನೋಡಿದಳು.

"ಕಾಲಾಗಿಂದು ಬಾಗ್ಲಲ್ಲೇ ಬಿಟ್ ಬರೋ ಮಕ್ಳು" ಎಂದಳು. "ಅವ್ರಿಗೇ ಇರ್ಲಿ ಬಿಡಿ."

ಲಕ್ಷ್ಮಯ್ಯ ಮಾತಿನ ಬಾಲಕ್ಕಾಗಿ ಕಾದ. ಆಶಾರಾಣಿಯೂ ಮಾವನ ಕಡೆ ತಿರುಗಿ, ಬಾಯಿ ಅರೆತೆರೆದು ಕಾದಳು. ಅತ್ತ ಮುಂದಿನ ಹಾಡು ಶುರುವಾಯಿತು, ಆ ಹಾರ್ಮೋನಿಯಂ ತರಹದ್ದು ಉಸಿರೆಳೆದುಕೊಂಡಿತು. ಭಾಗ್ಯಮ್ಮ ಮತ್ತೇನೂ ಸೇರಿಸಲಿಲ್ಲ. ಲೋಟಕ್ಕೆ ಕಾಫಿ ಬಗ್ಗಿಸತೊಡಗಿದಳು.

ಲಕ್ಷ್ಮಯ್ಯ ತನ್ನ ಕಾಲು ನೋಡಿಕೊಂಡ. ಚಪ್ಪಲಿ ಕಳಚಿದ. ಎರಡನ್ನೂ ಕೈಯಲ್ಲಿ ಹಿಡಿದು ಹೊರಗೆ ಹೋಗಿ, ಸಾಲಿನ ಕೊನೆಯಲ್ಲಿದ್ದ ಹವಾಯಿ ಜೋಡಿನ ಪಕ್ಕ ಇಟ್ಟು ಬಂದ. ನೆಲ ಅಂಗಾಲಿಗೆ ತಣ್ಣಗೆ ತಾಕಿತು. ಗೋಡೆ ಹಿಡಿದು, ಮಂಡಿ ನೋವಿಗೆ ಮುಖ ಕಿವಿಚಿಕೊಂಡು, ಅವಳ ಪಕ್ಕ ನೆಲದ ಮೇಲೆ ಕೂತ.

"ಆಮ್ಯಾಕೆ?" ಎಂದ.